ಕಣದಲ್ಲಿ ಇಬ್ಬರು

ಚಿತ್ರ ಅಂಗೈ ಅಗಲದ್ದು, ಕಪ್ಪು ಬಿಳುಪಿನದು. ಅದರ ಕೆಳಗಿನ ಅರ್ಧವನ್ನು ಕಾಫಿ ಒಣಗಿಸುವ ಕಣ ತುಂಬಿಕೊಂಡಿದೆ. ಸಿಮೆಂಟಿನ ಕಣ; ನಡುವೆ ಉದ್ದಕ್ಕೆ ಒಂದು ಬಿರುಕು, ಬಿರುಕಿನ ಬಾಯಲ್ಲಿ ಮೂರೋ ನಾಲ್ಕೋ ಹುಲ್ಲೆಸಳು. ಮೇಲಿನ ಅರ್ಧದಲ್ಲಿ ಗೋದಾಮಿನ ಕಲ್ಲುಗೋಡೆ, ಅದರ ಹಿಂದೆ ಸಿಲ್ವರ್ ಓಕ್ ಮರಗಳು, ಮರಗಳ ನಡುವೆ ಪಟ್ಟಿ ಪಟ್ಟಿಯಾಗಿ ಆಕಾಶ. ಎಡಗಡೆಯಿಂದ ಒಬ್ಬ ಗಂಡಸು ನಡೆದು ಬರುತ್ತಿದ್ದಾನೆ. ಖಾಕಿ ಚಡ್ಡಿ, ಮೊಣಕಾಲಿನವರೆಗೆ ಎಳೆದ ಸಾಕ್ಸು, ಕೋಟಿನ ಮೇಲ್ಜೇಬಿನಲ್ಲಿ ಎರಡು ಪೆನ್ಸಿಲು. ಹೆಗಲ ಮೇಲೆ ಕಾಫಿ ಹರಡುವ ಉದ್ದ ಹಿಡಿಯ ಮರದ ಹಲಗೆ. ಬಲಗಾಲು ನೆಲ ಬಿಟ್ಟಿದೆ, ಇನ್ನೂ ಇಳಿದಿಲ್ಲ. ಚಿತ್ರದ ನಟ್ಟನಡುವೆ, ಅವನು ಬರುವ ದಾರಿಯಲ್ಲೇ, ಬಿಳಿ ಸೀರೆಯ ಹೆಂಗಸೊಬ್ಬಳು ಬಾಗಿ ಗುಡಿಸುತ್ತಿದ್ದಾಳೆ. ಅವಳ ಬೆನ್ನು ಅವನ ಕಡೆಗಿದೆ. ಅವಳ ಸೀರೆಯೊಳಗಿಂದ ಗೋದಾಮಿನ ಕಲ್ಲುಗಳು ಕಾಣುತ್ತವೆ. ಅವನ ಎದೆಯೊಳಗಿಂದ ಗೋಡೆಯ ಮೇಲಿನ ಬಿಸಿಲು. ನೆಲದ ಮೇಲೆ ಕಾಫಿ ಹಣ್ಣು ಹರಡಿದೆ. ಅದೇ ನೆಲ ಬರಿದಾಗಿಯೂ ಇದೆ. ಅವನ ನೆರಳು ಪಶ್ಚಿಮಕ್ಕೆ ಚಾಚಿದೆ, ಅವಳದು ಪೂರ್ವಕ್ಕೆ.

ಇದು ಒಂದು ಸಿನಿಮಾ ಸುರುಳಿಯಿಂದ ಕತ್ತರಿಸಿ ಹಿಗ್ಗಿಸಿದ ಒಂದೇ ಒಂದು ಚೌಕ. ಯಮುನ ಬಹಳ ವರ್ಷಗಳ ಮೇಲೆ ಮೈಸೂರಿನಲ್ಲಿ ಮಾಡಿಸಿ ನನಗೆ ಕಳಿಸಿದಳು. ಈಗ ಪತ್ರಿಕೆಗಳು ಅವಳನ್ನು ವಿಡಿಯೊ ಕಲಾವಿದೆ ಎಂದು ಕರೆಯುತ್ತವೆ. ಕತ್ತಲು ಮಾಡಿದ ಕೋಣೆಗಳಲ್ಲಿ, ಒಂದೇ ಗೋಡೆಯ ಮೇಲೆ, ಎಂದೂ ಒಟ್ಟಿಗೆ ನಿಲ್ಲದ ಇಬ್ಬರನ್ನು ಅವಳು ನಿಲ್ಲಿಸುತ್ತಾಳಂತೆ; ಜನ ನೆಲದ ಮೇಲೆ ಕುಳಿತು ನೋಡುತ್ತಾರಂತೆ. ಈ ಬಗೆ ಎಲ್ಲಿಂದ ಬಂತೆಂದು ಕೇಳಿದವರಿಗೆ ಅವಳು ಏನನ್ನೂ ಹೇಳುವುದಿಲ್ಲ. ಅದು ಶುರುವಾದ ಮಧ್ಯಾಹ್ನ ಪ್ರೊಜೆಕ್ಟರಿನ ಪಕ್ಕದಲ್ಲಿದ್ದವನು ನಾನು. ಆಗ ವಿಡಿಯೊ ಎಂಬ ಮಾತನ್ನು ನಾವ್ಯಾರೂ ಕೇಳಿರಲಿಲ್ಲ.

ಅದು ಸಾವಿರದ ಒಂಬೈನೂರ ಅರುವತ್ತನೆಯ ಇಸವಿ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಮೂರು ವರ್ಷ ಕಳೆದಿತ್ತು. ಸೋಮವಾರಪೇಟೆಯ ಕಡೆಯವನಾದ ನಾನು ಗೋಣಿಕೊಪ್ಪಲಿನ ಹೈಸ್ಕೂಲಿಗೆ ಕನ್ನಡ ಮೇಷ್ಟ್ರಾಗಿ ಬಂದು ಬಿಟ್ಟಂಗಾಲದಲ್ಲಿ ಒಂದು ಕೋಣೆ ಹಿಡಿದಿದ್ದೆ. ಹೊಸ ಬಗೆಯ ಕವಿತೆಗಳನ್ನು ಓದಿ, ಬರೆದು, ಬರೆದದ್ದನ್ನು ಹರಿದು ಹಾಕುವ ವಯಸ್ಸು. ನನ್ನ ಕೋಣೆಯ ಎದುರಿನ ಎಸ್ಟೇಟಿನಲ್ಲಿ ಬೋಜಪ್ಪನವರು ರೈಟರ್ ಆಗಿದ್ದರು; ಅಂದರೆ ಆಳುಗಳ ಹಾಜರಿ ಹಿಡಿದು, ಕೊಯ್ದ ಕಾಫಿಯನ್ನು ತೂಗಿಸಿ ಬರೆದುಕೊಳ್ಳುವವರು. ಅವರು ಭಾಗಮಂಡಲದ ಕಡೆಯ, ಮನೆಯಲ್ಲಿ ಅರೆಭಾಷೆ ಆಡುವ ಗೌಡರು. ಯಮುನ ಅವರ ಒಬ್ಬಳೇ ಮಗಳು, ಇಪ್ಪತ್ನಾಲ್ಕು ವರ್ಷದವಳು.

ಎಸ್ಟೇಟಿನ ಇಂಗ್ಲಿಷ್ ದೊರೆ ತೋಟ ಮಾರಿ ಊರಿಗೆ ಹೊರಡುವಾಗ ಒಂದು ಪುಟ್ಟ ಸಿನಿ ಕ್ಯಾಮೆರಾ ಮತ್ತು ಪ್ರೊಜೆಕ್ಟರನ್ನು ಬೋಜಪ್ಪನವರಿಗೆ ಕೊಟ್ಟುಹೋಗಿದ್ದ. ಅವರು ಅದನ್ನು ಪೆಟ್ಟಿಗೆಯಿಂದ ತೆಗೆಯಲೇ ಇಲ್ಲ. ಯಮುನ ತೆಗೆದಳು. ಜೊತೆಗಿದ್ದ ಇಂಗ್ಲಿಷ್ ಪುಸ್ತಿಕೆಯನ್ನು ಹಿಡಿದು ನನ್ನ ಬಳಿ ಬಂದಳು. ಎರಡು ಭಾನುವಾರ ಕುಳಿತು ಅದನ್ನು ಓದಿ ಮುಗಿಸಿದೆವು. ಗಡಿಯಾರಕ್ಕೆ ಕೊಟ್ಟ ಹಾಗೆ ಕ್ಯಾಮೆರಾಕ್ಕೆ ಕೀಲಿ ಕೊಡಬೇಕು. ಒಂದು ಕೀಲಿಗೆ ಅರ್ಧ ನಿಮಿಷ ಓಡುತ್ತದೆ. ಎಂಟು ಕೀಲಿಗೆ ಒಂದು ಸುರುಳಿ ಮುಗಿಯುತ್ತದೆ.

ಎಲ್ಲರೂ ಅವಳು ಮದುವೆಗಳನ್ನು ತೆಗೆಯುತ್ತಾಳೆ ಎಂದುಕೊಂಡರು. ಅವಳು ಕ್ಯಾಮೆರಾವನ್ನು ಒಂದು ಕಲ್ಲಿನ ಮೇಲಿಟ್ಟು, ಕೀಲಿ ಕೊಟ್ಟು, ತಾನು ದೂರ ನಿಂತುಬಿಡುತ್ತಿದ್ದಳು. ಗೋಡೆಯ ಮೇಲೆ ಬಿಸಿಲು ಒಂದು ಗೇಣು ಸರಿಯುವುದು. ಏಣಿಯ ಮೇಲೆ ಮೆಣಸು ಕೊಯ್ಯುವವಳ ಕಾಲ್ಬೆರಳು. ಕಾಫಿ ಕೊಯ್ಯಲು ಬರುತ್ತಿದ್ದ ಚಿನ್ನ ಎಂಬ ಹೆಂಗಸು ಬುಟ್ಟಿ ಹೊತ್ತು ಹೋಗುವಾಗಲೆಲ್ಲ ಕೇಳುತ್ತಿದ್ದಳು: "ಯಮುನಕ್ಕ, ಇವತ್ತು ನಿಮ್ಮ ಗೋಡೆ ಎಂತ ಆಕ್ಟಿಂಗ್ ಮಾಡ್ತು?"

ನಾನು ನಗುತ್ತಿರಲಿಲ್ಲ. ಕವಿತೆಯಲ್ಲಿ ನಾನು ಹುಡುಕುತ್ತಿದ್ದುದು ಈ ಹುಡುಗಿಯ ಕಲ್ಲಿನ ಮೇಲೆ ಸುಮ್ಮನೆ ಕುಳಿತಿದೆ ಅನ್ನಿಸುತ್ತಿತ್ತು. ಒಮ್ಮೆ ಧೈರ್ಯ ಮಾಡಿ ನನ್ನದೊಂದು ಪದ್ಯವನ್ನು ಅವಳಿಗೆ ಓದಲು ಕೊಟ್ಟೆ. ಓದಿ ಮಡಚಿ ಕೊಟ್ಟು, "ನೀವು ತುಂಬ ಹೇಳ್ತೀರಿ ಮೇಷ್ಟ್ರೇ" ಎಂದಳು.

ಅವಳಿಗೆ ತಂದೆಯನ್ನು ತೆಗೆಯಬೇಕೆಂಬ ಆಸೆ ಬಹಳ ಇತ್ತು. ಬೋಜಪ್ಪನವರು ಒಪ್ಪಿದವರಲ್ಲ. "ಎಸ್ಟೇಟಿನ ಹೊತ್ತಲ್ಲಿ ನಿನ್ನ ಆಟ ಬೇಡ" ಎನ್ನುತ್ತಿದ್ದರು. ಕೊನೆಗೆ ಜನವರಿಯ ಕೊನೆಯಲ್ಲೊಂದು ದಿನ, ಯಾವ ಗಳಿಗೆಯ ಮನಸ್ಸೋ, ಬೇಡವೆನ್ನಲಿಲ್ಲ. ಅವಳು ಕಣದ ಮೂಲೆಯ ಕಟ್ಟೆಯ ಮೇಲೆ ಕ್ಯಾಮೆರಾ ಇಟ್ಟು ಬೆಳಿಗ್ಗೆ ಒಂದು ಸುರುಳಿಯನ್ನು ಪೂರ್ತಿ ಓಡಿಸಿದಳು.

"ಸುಮ್ಮನೆ ನಡೀರಿ ಅಪ್ಪ."

"ನಡೆಯೋದಕ್ಕೆ ನಂಗೆ ಹೇಳಿಕೊಡ್ತೀಯಾ?" ಎಂದು ಬೈದು ಬೋಜಪ್ಪನವರು ಹಲಗೆಯನ್ನು ಹೆಗಲಿಗೇರಿಸಿ ಕಣವನ್ನು ದಾಟಿ ಹೋದರು. ಅಷ್ಟೇ. ಹದಿನೈದು ಹೆಜ್ಜೆ ಇರಬಹುದು.

ಫೆಬ್ರವರಿ ಎರಡನೆಯ ವಾರ, ಹಾಜರಿ ಬರೆಯುತ್ತ ಕುಳಿತಿದ್ದ ಕುರ್ಚಿಯಲ್ಲೇ ಅವರು ಹೃದಯ ನಿಂತು ತೀರಿಕೊಂಡರು.

ಬೋಜಪ್ಪನವರ ಎರಡು ಕಟ್ಟಳೆಗಳನ್ನು ಇಲ್ಲಿ ಹೇಳಬೇಕು. ಮೊದಲನೆಯದು ಸುಣ್ಣದ ಗುರುತು. ತೂಗಿ ಬರೆದಾದ ಚೀಲಕ್ಕೆ ಅವರು ಹೆಬ್ಬೆರಳಿನಿಂದ ಸುಣ್ಣ ಒತ್ತುತ್ತಿದ್ದರು. ಸುಣ್ಣವಿಲ್ಲದ ಚೀಲ ಇನ್ನೂ ತೂಗದ್ದು. ಯಮುನ ಅದನ್ನೇ ತನ್ನ ಸುರುಳಿಗಳ ಅಲ್ಯೂಮಿನಿಯಂ ಡಬ್ಬಿಗಳಿಗೂ ಮಾಡುತ್ತಿದ್ದಳು. ಚಿತ್ರ ತೆಗೆದಾದ ಡಬ್ಬಿಗೆ ಸುಣ್ಣ. ಹೊಸ ಡಬ್ಬಿಗೆ ಇಲ್ಲ.

ಎರಡನೆಯದು ಕಣದ ಕಟ್ಟಳೆ. ಮದುವೆಯಾಗಿ ಬಂದ ವರ್ಷವೇ ಅವರು ಹೆಂಡತಿ ಪೊನ್ನಮ್ಮನಿಗೆ ಹೇಳಿದ್ದರು: ರೈಟರ ಹೆಂಡತಿ ಕಣಕ್ಕೆ ಬಂದರೆ, ಸೆರಗಿನಲ್ಲಿ ಕಾಫಿ ಕಟ್ಟಿಕೊಂಡು ಹೋದಳು ಎಂದು ಆಳುಗಳ ಲೈನುಮನೆಗಳಲ್ಲಿ ಮಾತಾಗುತ್ತದೆ, ಬರಬೇಡ. ಇಪ್ಪತ್ತಾರು ವರ್ಷ ಆಕೆ ಬುತ್ತಿಯನ್ನು ಕಣದ ಅಂಚಿನ ಕಲ್ಲಿನ ಮೇಲಿಟ್ಟು, ಒಂದು ಸಲ ಕೆಮ್ಮಿ, ಹಿಂತಿರುಗುತ್ತಿದ್ದಳು. ಗಂಡ ಕೆಲಸ ಮಾಡುವ ನೆಲವನ್ನು ಆಕೆಯ ಪಾದ ಮುಟ್ಟಿರಲಿಲ್ಲ.

ಹನ್ನೊಂದನೆಯ ದಿನದ ಕರ್ಮಕ್ಕೆ ಮನೆಯನ್ನು ತೊಳೆಯುವಾಗ ಪೊನ್ನಮ್ಮ ಅಟ್ಟದ ಮೇಲಿದ್ದ ಪಾತ್ರೆಗಳನ್ನೂ ಡಬ್ಬಿಗಳನ್ನೂ ಇಳಿಸಿ, ಬೂದಿ ಹುಣಿಸೆಹಣ್ಣು ಹಾಕಿ ತಿಕ್ಕಿದಳು. ಸಿನಿಮಾ ಡಬ್ಬಿಯನ್ನು ತೆರೆಯಬಾರದೆಂದು ಆಕೆಗೆ ಗೊತ್ತಿತ್ತು. ಹೊರಗಿನಿಂದ ಮಾತ್ರ ಫಳಫಳ ಹೊಳೆಯುವಂತೆ ತಿಕ್ಕಿ ಮೂರನ್ನೂ ಸಾಲಾಗಿ ಇಟ್ಟಳು. ಒಂದರಲ್ಲಿ ಬೋಜಪ್ಪನವರ ನಡಿಗೆ, ಒಂದರಲ್ಲಿ ಮೆಣಸಿನ ಕೊಯ್ಲು, ಒಂದು ಹೊಸದು. ಮೂರರ ಮೇಲೂ ಸುಣ್ಣವಿಲ್ಲ.

ಎಸ್ಟೇಟಿನ ಮನೆಯನ್ನು ಬಿಡಬೇಕಾಗಿತ್ತು; ಹೊಸ ರೈಟರು ಬರುವವರಿದ್ದರು. ಬೋಜಪ್ಪನವರ ದೊಡ್ಡಪ್ಪನ ಮಗ ಬೆಳ್ಯಪ್ಪ ಅದೇ ಊರಿನಲ್ಲಿ ಸಣ್ಣ ತೋಟ ಇಟ್ಟುಕೊಂಡಿದ್ದವನು. ತನ್ನ ಮನೆಯ ಪಕ್ಕದ ಎರಡು ಕೋಣೆ ಬಿಟ್ಟುಕೊಡುತ್ತೇನೆಂದ. ಹೊರಡುವ ಹಿಂದಿನ ದಿನ ಸಾಯಂಕಾಲ ನಾಲ್ಕರ ಹೊತ್ತು, ಪೊನ್ನಮ್ಮ ಯಾರಿಗೂ ಹೇಳದೆ ಪೊರಕೆ ಹಿಡಿದು ಮನೆಯಿಂದ ಇಳಿದಳು. ಅಂಚಿನ ಕಲ್ಲನ್ನು ದಾಟಿದಳು. ಕಾಫಿಯೆಲ್ಲ ಗೋದಾಮಿಗೆ ಸೇರಿ ಬರಿದಾಗಿದ್ದ ಕಣವನ್ನು ಒಂದು ಮೂಲೆಯಿಂದ ಗುಡಿಸತೊಡಗಿದಳು.

ಯಮುನ ಅದನ್ನು ಕಿಟಕಿಯಿಂದ ಕಂಡಳು. ಓಡಿಹೋಗಿ ಅಟ್ಟದಿಂದ ಸುಣ್ಣವಿಲ್ಲದ ಒಂದು ಡಬ್ಬಿಯನ್ನು ತೆಗೆದುಕೊಂಡಳು. ಉಳಿದೆರಡರತ್ತ ನೋಡಲಿಲ್ಲ. ಸುಣ್ಣವಿಲ್ಲ ಎಂದರೆ ಹೊಸದು. ತಂದೆಯ ಮನೆಯಲ್ಲಿ ಬೆಳೆದವಳಿಗೆ ಅದರಲ್ಲಿ ಅನುಮಾನಕ್ಕೆ ಜಾಗವೇ ಇರಲಿಲ್ಲ. ಕ್ಯಾಮೆರಾವನ್ನು ಅದೇ ಕಟ್ಟೆಯ ಮೇಲಿಟ್ಟು ಎಂಟು ಕೀಲಿಯನ್ನೂ ಓಡಿಸಿದಳು. ಪೊನ್ನಮ್ಮ ಒಮ್ಮೆಯೂ ತಲೆಯೆತ್ತಲಿಲ್ಲ.

ಮನೆ ಬಿಡುವ ಗಡಿಬಿಡಿಯಲ್ಲೇ ಮೂರು ಡಬ್ಬಿಗಳೂ ಫಿಲ್ಮು ತೊಳೆಸಲೆಂದು ಅಂಚೆಯಲ್ಲಿ ಬೊಂಬಾಯಿಗೆ ಹೋದವು. ಅಪ್ಪ ನಡೆಯುವುದು ಅದರಲ್ಲಿ ಇದೆ ಎಂದು ಯಮುನ ತಾಯಿಗೆ ಹೇಳಿದ್ದಳು. ಪೊನ್ನಮ್ಮನ ಬಳಿ ಗಂಡನದೊಂದು ಫೋಟೊ ಕೂಡ ಇರಲಿಲ್ಲ, ಅವರು ತೆಗೆಸಿಕೊಂಡಿರಲಿಲ್ಲ. ಐದು ವಾರ ಆಕೆ ಅಂಚೆಯವನು ಬಂದಾಗಲೆಲ್ಲ ಮಗಳನ್ನು ಕೇಳುತ್ತಿದ್ದಳು: "ಬೊಂಬಾಯಿಯವು ನಿನ್ನ ಅಪ್ಪನ್ನ ಇನ್ನೂ ಬಿಟ್ಟಿಲ್ಲೆಯಾ?"

ಪಾರ್ಸೆಲ್ಲು ಏಪ್ರಿಲ್ ಮೊದಲ ಶುಕ್ರವಾರ ಬಂತು. ಬಿಟ್ಟಂಗಾಲದಲ್ಲಿ ಕರೆಂಟಿರಲಿಲ್ಲ, ಪ್ರೊಜೆಕ್ಟರನ್ನು ನಾನು ಶಾಲೆಯಲ್ಲೇ ಇಟ್ಟುಕೊಂಡಿದ್ದೆ. ಶನಿವಾರ ಮಧ್ಯಾಹ್ನ ಮಕ್ಕಳೆಲ್ಲ ಹೋದ ಮೇಲೆ ಯಮುನ ಬಂದಳು. ಕಿಟಕಿಗಳಿಗೆ ಕಂಬಳಿ ಹೊದಿಸಿ ಮೊದಲನೆಯ ಸುರುಳಿ ಹಾಕಿದೆವು: ಮೆಣಸಿನ ಕೊಯ್ಲು. ಎರಡನೆಯದು ಶುರುವಿನಿಂದ ಕೊನೆಯವರೆಗೆ ಕಪ್ಪು.

"ಇದೇನು, ಓಡೇ ಇಲ್ಲದ ಸುರುಳಿ" ಎಂದಳು. ಹಾಗೆಂದ ಕೂಡಲೇ ಅವಳಿಗೆ ತಿಳಿಯಿತು. ಅಂದು ಕಣದಲ್ಲಿ ಅವಳು ಓಡಿಸಿದ್ದು ಹೊಸ ಸುರುಳಿಯಲ್ಲ. ಮೂರನೆಯದನ್ನು ಹಾಕಲು ಅವಳ ಕೈ ಬರಲಿಲ್ಲ, ನಾನೇ ಹಾಕಿದೆ.

ನಾಲ್ಕು ನಿಮಿಷ. ಬಿಳಿ ಸೀರೆಯ ಪೊನ್ನಮ್ಮ ಕಣದ ಉದ್ದಕ್ಕೂ ಗುಡಿಸುತ್ತಿದ್ದಳು. ಅವಳ ಕೆಳಗೆ ಹರಡಿದ ಕಾಫಿ ಹಣ್ಣು ಒಂದೂ ಕದಲುತ್ತಿರಲಿಲ್ಲ. ನಾಲ್ಕನೆಯ ಕೀಲಿಯಲ್ಲಿ ಬೋಜಪ್ಪನವರು ಎಡದಿಂದ ಬಂದು, ಹೆಂಡತಿಯ ಬೆನ್ನಿನೊಳಗೆ ಹೊಕ್ಕು, ಆಚೆ ಹೊರಬಿದ್ದು, ಚೌಕಟ್ಟಿನಿಂದ ಹೋದರು. ಅವರ ಮುಖದ ಮೇಲೆ ಗೋಡೆಯ ಬಿಸಿಲು ಕುಳಿತಿತ್ತು. ಕಣ್ಣು ಮೂಗು ಸರಿಯಾಗಿ ಕಾಣುತ್ತಿರಲಿಲ್ಲ.

ನನಗೆ ಅದು ಸುಂದರವಾಗಿ ಕಂಡಿತು. ಅವಳ ಮುಖ ನೋಡಿದೆ.

"ಅವ್ವನ ಕೈಲೇ ಅಪ್ಪನ್ನ ಗುಡಿಸಿ ಹಾಕಿಸಿದೆ ಮೇಷ್ಟ್ರೇ."

ಆಮೇಲೆ ಹೆಗಲಿನಿಂದ ಕ್ಯಾಮೆರಾದ ಚೀಲ ಇಳಿಸಿದಳು. ಅದರಲ್ಲಿ ನಾನು ಎರಡು ವಾರದ ಹಿಂದೆ ಮೈಸೂರಿನಿಂದ ತಂದುಕೊಟ್ಟಿದ್ದ ಹೊಸ ಸುರುಳಿಯೂ ಇತ್ತು. "ಇದು ನಿಮ್ಮ ಶಾಲೆಯ ಬೀರುವಿನಲ್ಲಿರಲಿ. ಹೆಡ್ಮಾಸ್ಟರು ಸ್ಪೋರ್ಟ್ಸ್ ಡೇ ತೆಗೆಸಿಕೊಳ್ಳಲಿ. ನಾನಿನ್ನು ಮುಟ್ಟೋದಿಲ್ಲ. ಸುರುಳಿ ಬೊಂಬಾಯಿಯಲ್ಲೇ ಹಾಳಾಯ್ತು ಅಂತ ಅವ್ವಂಗೆ ಹೇಳ್ತೇನೆ."

ತಡೆಯಬೇಕಾಗಿತ್ತು. ತಡೆಯಲಿಲ್ಲ. ಅದರ ಕಾರಣವನ್ನು ಈ ವಯಸ್ಸಿನಲ್ಲಿ ಮುಚ್ಚಿಡುವುದರಿಂದ ಏನೂ ಆಗಬೇಕಿಲ್ಲ: ಕ್ಯಾಮೆರಾ ಇಲ್ಲದ ಯಮುನ ಎಲ್ಲಿಗೂ ಹೋಗುವುದಿಲ್ಲ, ಬಿಟ್ಟಂಗಾಲದಲ್ಲೇ, ನನ್ನ ಕಣ್ಣೆದುರಿಗೇ ಇರುತ್ತಾಳೆ ಎಂದು ನನಗೆ ಅನ್ನಿಸಿತ್ತು. ಚೀಲವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ ಕೀಲಿಕೈಯನ್ನು ಜೇಬಿಗೆ ಹಾಕಿಕೊಂಡೆ.

ಮರುದಿನ ಭಾನುವಾರ, ಗೋಣಿಕೊಪ್ಪಲಿನ ಸಂತೆ. ಸುರುಳಿಗಳನ್ನು ಕಟ್ಟಿ ಒಯ್ಯಲು ಯಮುನ ಶಾಲೆಗೆ ಬಂದಿದ್ದಳು. ನಾವು ಕಂಬಳಿಗಳನ್ನು ಇನ್ನೂ ತೆಗೆದಿರಲಿಲ್ಲ. ಬಾಗಿಲು ದೂಡಿಕೊಂಡು ಪೊನ್ನಮ್ಮ ಒಳಗೆ ಬಂದಳು. ಹಿಂದೆ ಒಂದು ಕೈಯಲ್ಲಿ ಒಣಮೀನಿನ ಪೊಟ್ಟಣ, ಇನ್ನೊಂದರಲ್ಲಿ ಕೊಡೆ ಹಿಡಿದ ಬೆಳ್ಯಪ್ಪ.

"ಪಾರ್ಸೆಲ್ ಬಂದುಟ್ಟು ಅಂತ ಪೋಸ್ಟಿನವು ಸಂತೆಲಿ ಹೇಳ್ದೊ" ಎಂದಳು ಪೊನ್ನಮ್ಮ ಮಗಳಿಗೆ. "ನೀ ಹೇಳಿಲ್ಲೆ."

ಯಮುನ ನನ್ನ ಕಡೆ ನೋಡಿದಳು. "ಬೊಂಬಾಯಿಲಿ ಹಾಳಾತ್ ಅವ್ವ."

"ಹಾಳಾದ್ದನ್ನೇ ತೋರ್ಸು."

"ನೋಡುವ ಹಾಗಿಲ್ಲೆ."

"ಎಷ್ಟು ಹಾಳಾಗಿರೊದು? ಸತ್ತುಹೋದವರಿಗಿಂತ ಹಾಳಾ?" ಎಂದು ಪೊನ್ನಮ್ಮ ಮೊದಲನೆಯ ಬೆಂಚಿನಲ್ಲಿ ಕುಳಿತುಬಿಟ್ಟಳು. ಬೆಂಚು ಸಣ್ಣ ಮಕ್ಕಳದು. ಮೊಣಕಾಲು ಎದೆಗೆ ಬರುತ್ತಿತ್ತು. "ಹಾಕಿ ಮೇಷ್ಟ್ರೇ. ನಾನು ಬಸ್ಸಿಗೆ ದುಡ್ಡು ಕೊಟ್ಟು ಬಂದವಳು."

ಬೆಳ್ಯಪ್ಪ ಹಿಂದಿನ ಬೆಂಚಿನಲ್ಲಿ ಕುಳಿತು ಮೀನಿನ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡ. "ಮರುಳಸಿದ್ದಪ್ಪ ಮೇಷ್ಟ್ರೇ, ನಿಮಗೆ ಈ ವಾಸನೆ ಆಗುವುದಿಲ್ಲ, ಗೊತ್ತುಂಟು. ಮೂಗು ಮುಚ್ಚಿಕೊಂಡು ಮೆಷಿನು ತಿರುಗಿಸಿ."

ನಾನು ಬಾಗಿಲು ಮುಚ್ಚಿ ಸುರುಳಿ ಹಾಕಿದೆ. ಯಮುನ ಗೋಡೆಗೆ ಮುಖ ಕೊಡಲಾಗದೆ ಬೀರುವಿನ ಪಕ್ಕ ತಲೆ ತಗ್ಗಿಸಿ ನಿಂತಳು.

ಮೊದಲು ಪೊನ್ನಮ್ಮ ತನ್ನನ್ನೇ ಕಂಡಳು. "ಇದು ನಾನಾ? ಅಯ್ಯ, ಎಷ್ಟು ಬಗ್ಗಿದ್ದೇನೆ!" ಎಂದಳು. ಆಮೇಲೆ ಮುಂದಕ್ಕೆ ಬಾಗಿದಳು. ನೆಲದಲ್ಲಿ ಹರಡಿದ ಕಾಫಿಯನ್ನು ಕಂಡಿರಬೇಕು. ನಾಲ್ಕನೆಯ ಕೀಲಿ ಬಂತು. ಹಲಗೆ ಹೊತ್ತ ಗಂಡಸು ಎಡದಿಂದ ಹೊರಟ, ಬಂದ, ಅವಳೊಳಗೆ ಹೊಕ್ಕ, ಹೋದ.

ಬೆಳ್ಯಪ್ಪ ಗಟ್ಟಿಯಾಗಿ ನಕ್ಕುಬಿಟ್ಟ. "ಬೋಜಪ್ಪ ನಿನ್ನ ಮೇಲೇ ಹಾದುಹೋದನಲ್ಲ ಮಾರಾಯ್ತಿ! ಬದುಕಿರುವಾಗ ನಾಲ್ಕು ಜನರೆದುರು ಹೆಂಡತಿಯ ನೆರಳು ಮೆಟ್ಟಿದವನಲ್ಲ!"

ನಕ್ಕ ಮೇಲೆ ತಾನು ಮಾಡಿದ್ದೇನೆಂದು ಹೊಳೆದು ಅವನು ಪೊಟ್ಟಣವನ್ನು ಗಟ್ಟಿಯಾಗಿ ಹಿಡಿದುಕೊಂಡ. ಯಮುನ ಕಣ್ಣು ಮುಚ್ಚಿದ್ದಳು.

"ಅವು ನನ್ನ ಓಡ್ಸಿಕೆ ಬಂದದ್" ಎಂದಳು ಪೊನ್ನಮ್ಮ. ಗಂಡನನ್ನು ಆಕೆ ಯಾವಾಗಲೂ 'ಅವು', ಅಂದರೆ ಅವರು, ಎಂದೇ ಹೇಳುತ್ತಿದ್ದಳು. "ಕಣಕ್ಕೆ ಯಾಕೆ ಬಂದೆ ಅಂತ. ಹಲಗೆ ನೋಡು, ಹಲಗೆ! ಹೊಡೆದೇ ಬಿಡುವ ಹಾಗೆ!" ಅವಳ ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೆಂದು ನಾನು ತಿಳಿದೆ. ನಗುತ್ತಿದ್ದಳು. "ಇನ್ನೊಂದು ಸಲ ಹಾಕಿ."

ಎರಡನೆಯ ಸಲ, ಅವರು ಬೆನ್ನ ಹಿಂದೆ ಬಂದ ಗಳಿಗೆಯಲ್ಲಿ, "ಅಲ್ಲೇ ನಿಲ್ಲಿಸಿ" ಎಂದಳು.

"ನಿಲ್ಲಿಸೋ ಹಾಗಿಲ್ಲ ಅಮ್ಮ. ನಿಲ್ಲಿಸಿದರೆ ಬಲ್ಬಿನ ಕಾವಿಗೆ ಸುಟ್ಟುಹೋಗ್ತದೆ."

"ಹಂಗಾರೆ ಹೋಗ್ಲಿ. ಅವುಕ್ಕೆ ನಿಂತು ಅಭ್ಯಾಸ ಇಲ್ಲೆ."

ಮೂರನೆಯ ಸಲವೂ ಹಾಕಿದೆ. ಸುರುಳಿಯ ಬಾಲ ಪಟಪಟ ಬಡಿಯತೊಡಗಿದಾಗ ನಾನು ಯಂತ್ರ ನಿಲ್ಲಿಸಿ ದೀಪ ಹಾಕಿದೆ. ಅವಳು ಇನ್ನೂ ಗೋಡೆಯನ್ನೇ ನೋಡುತ್ತಿದ್ದಳು.

"ಗೂಡೆ" ಎಂದು ಮಗಳನ್ನು ಕರೆದಳು. ಅವರ ಭಾಷೆಯಲ್ಲಿ ಅದು ಹುಡುಗಿ ಎಂಬ ಮಾತು. ಆದರೆ ಆಕೆಯ ಬಾಯಲ್ಲಿ ಅದು ಯಮುನಳ ಎರಡನೆಯ ಹೆಸರಾಗಿತ್ತು. "ಅವು ಬರುವಾಗ ನಂದು ಬೆನ್ನು. ಮೂರು ಸಲ ನೋಡ್ದೆ, ಮೂರು ಸಲವೂ ಬೆನ್ನು. ಅವು ಬರ್ತೊಳೊ ಅಂತ ಮೊದ್ಲೇ ಹೇಳಿದ್ರೆ ನಾನು ತಿರುಗಿ ನಿಲ್ತಿದ್ದೆ."

"ನಂಗೂ ಗೊತ್ತಿತ್ತಿಲ್ಲೆ ಅವ್ವ" ಎಂದಳು ಯಮುನ. "ನಾನು ಡಬ್ಬಿ ತಪ್ಪಿದ್ದು. ಒಂದೇ ಸುರುಳಿ ಎರಡು ಸಲ ಓಡ್ತು. ಬೇಕಂತ ಮಾಡಿದ್ದಲ್ಲ."

"ಈಗ ಬೇಕಂತ ಮಾಡು. ಇದನ್ನೇ ಹಾಕಿ ಇನ್ನೊಂದು ಸಲ ತೆಗಿ. ನಾನು ಎದ್ರು ತಿರುಗಿ ನಿಲ್ತೆ."

"ಆಗುದಿಲ್ಲೆ. ಒಂದು ಸಲ ತೊಳೆದ ಮೇಲೆ ಅದು ಇನ್ನೇನನ್ನೂ ಹಿಡಿಯುದಿಲ್ಲೆ."

ಪೊನ್ನಮ್ಮ ತಲೆಯಾಡಿಸಿದಳು. ತೋಟದ ಕೆಲಸ ಕಂಡವಳಿಗೆ, ಮುಗಿದ ಕೊಯ್ಲು ಮುಗಿಯಿತು ಎಂಬುದು ಗೊತ್ತು. ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. "ಹಂಗಾರೆ ನಂದು ಆತ್. ಇನ್ನು ಮುಂದೆ ಯಾರನ್ನ ತೆಗೆದ್ರೂ ಮೊದ್ಲೇ ಹೇಳು. ಎತ್ತ ನೋಡೊಕು ಅಂತ ಅವರಿಗೆ ಗೊತ್ತಿರ್ಲಿ."

"ಇನ್ನು ಮುಂದೆ ಇಲ್ಲೆ ಅವ್ವ. ಕ್ಯಾಮೆರಾ ಶಾಲೆಗೆ ಕೊಟ್ಟುಬಿಟ್ಟೆ."

"ಯಾಕೆ?"

"ಅಪ್ಪನ ಮುಖವೇ ಇಲ್ಲದ ಹಾಗೆ ಮಾಡ್ದೆ. ಇದ್ದದ್ದೊಂದು ನಡಿಗೆ, ಅದನ್ನೂ ಹಾಳು ಮಾಡ್ದೆ."

"ಮುಖ ನಂಗೆ ಗೊತ್ತುಟ್ಟು. ನೀ ತೋರ್ಸೊದು ಬೇಡ." ಪೊನ್ನಮ್ಮ ಸಣ್ಣ ಬೆಂಚಿನಿಂದ ಕಷ್ಟಪಟ್ಟು ಎದ್ದು ನಿಂತಳು. "ಡಬ್ಬಿಯ ಸುಣ್ಣ ತಿಕ್ಕಿ ತೆಗೆದವಳು ನಾನು. ತಪ್ಪು ಅಂದರೆ ಅದೇ ಮೊದಲನೇ ತಪ್ಪು. ಹಾಗಂತ ನಾನು ಪಾತ್ರೆ ತಿಕ್ಕುವುದು ಬಿಟ್ಟಿದ್ದೇನಾ? ಕೇಳಿ ಮೇಷ್ಟ್ರೇ, ಬಿಟ್ಟಿದ್ದೇನಾ?"

ಕೀಲಿಕೈ ನನ್ನ ಜೇಬಿನಲ್ಲಿ ತೊಡೆಗೆ ಒತ್ತುತ್ತಿತ್ತು.

"ಇಪ್ಪತ್ತಾರು ವರ್ಷ ನಾನು ಆ ಕಲ್ಲಿನಿಂದಾಚೆ ಕಾಲಿಟ್ಟವಳಲ್ಲ" ಎಂದಳು ಪೊನ್ನಮ್ಮ, ಈಗ ಯಾರಿಗೆಂದು ಹೇಳಲಾಗದ ದನಿಯಲ್ಲಿ. "ಇಟ್ಟಾಗ ಅವು ಇತ್ತಿಲ್ಲೆ. ಇವಳ ಡಬ್ಬಿಲಿ ಮಾತ್ರ ನಾವಿಬ್ಬರೂ ಕಣದಲ್ಲಿ ಇದ್ದೊ."

ಆಗ ಹಿಂದಿನ ಬೆಂಚಿನಿಂದ ಬೆಳ್ಯಪ್ಪ ಗಂಟಲು ಸರಿಮಾಡಿಕೊಂಡ.

"ಯಮುನ, ಒಂದು ಮಾತು ಕೇಳ್ತೇನೆ. ನಗಬಾರದು. ಆ ಸುರುಳಿಗೆ ಬದುಕಿದ್ದವರೂ ಆಗ್ತದಾ?"

"ಅಂದರೆ?"

"ಒಬ್ಬನನ್ನು ಸಿದ್ದಾಪುರದಲ್ಲಿ ತೆಗೆದು, ಅದರ ಮೇಲೇ ಇನ್ನೊಬ್ಬನನ್ನು ಬಿಟ್ಟಂಗಾಲದಲ್ಲಿ ತೆಗೆದರೆ?"

ಯಾರ ಮಾತೆಂದು ಮೂವರಿಗೂ ಗೊತ್ತಾಯಿತು. ಅವನ ತಮ್ಮ ಉತ್ತಯ್ಯ ಸಿದ್ದಾಪುರದಲ್ಲಿದ್ದ. ಹನ್ನೊಂದು ವರ್ಷದ ಹಿಂದೆ ಮದುವೆಯೊಂದರಲ್ಲಿ ಪಂದಿಸಾರು ಬಡಿಸುತ್ತಿದ್ದ ಉತ್ತಯ್ಯ ಅಣ್ಣನ ಎಲೆಗೆ ಬರೀ ಮೂಳೆ ಹಾಕಿದನೆಂದು ಬೆಳ್ಯಪ್ಪ ಊಟದ ಸಾಲಿನಿಂದ ಎದ್ದುಹೋಗಿದ್ದ. ಅಂದಿನಿಂದ ಮಾತಿಲ್ಲ, ಹೋಗಿಬರುವುದಿಲ್ಲ. ಬೋಜಪ್ಪನವರ ಸಾವಿನ ಮನೆಯಲ್ಲಿಯೂ ಇಬ್ಬರೂ ಬೇರೆ ಬೇರೆ ಜಗಲಿಯಲ್ಲಿ ಕುಳಿತಿದ್ದರು.

"ಹೋಗಿ ಮಾತಾಡಿದರೆ ಮುಗೀತಲ್ಲ ಬೆಳ್ಯಪ್ಪಣ್ಣ" ಎಂದಳು ಪೊನ್ನಮ್ಮ.

"ಮಾತಾಡುವುದಿಲ್ಲ. ಮೂಳೆ ಹಾಕಿದ್ದು ಬೇಕಂತಲೇ. ಆದರೆ ನಾನು ಮಾತಾಡ್ತೇನೆ ಅಂದೆನಾ? ಗೋಡೆಯ ಮೇಲೆ ಒಂದು ಕಡೆಯಿಂದ ಅವ, ಒಂದು ಕಡೆಯಿಂದ ನಾನು. ನಡೆದರೆ ಸಾಕು." ಅವನು ಕೊಡೆಯ ತುದಿಯಿಂದ ನೆಲದ ಮೇಲೆ ಗೆರೆ ಎಳೆಯುತ್ತಿದ್ದ. "ಮೊದಲು ಅವಂದು ತೆಗಿ. ಅವ ಎತ್ತ ತಿರುಗಿದ್ದಾನೆ ಅಂತ ನನಗೆ ಬಂದು ಹೇಳು. ಅದನ್ನು ನೋಡಿ ನಾನು ನಿಲ್ತೇನೆ."

"ಉತ್ತಯ್ಯ ಚಿಕ್ಕಪ್ಪ ಬೆನ್ನು ಹಾಕಿದರೆ?"

ಬೆಳ್ಯಪ್ಪ ಯೋಚಿಸಿದ. "ಹಾಕಿದರೆ ನಾನು ಸುತ್ತು ಬಳಸಿ ಎದುರಿಗೆ ಬರ್ತೇನೆ. ಕಣ ದೊಡ್ಡದುಂಟಲ್ಲ."

ಯಮುನ ನಗಲಿಲ್ಲ. ಅವಳು ನೆಲದ ಮೇಲೆ ಅವನೆಳೆದ ಗೆರೆಯನ್ನು ನೋಡುತ್ತಿದ್ದಳು. ನಿನ್ನೆಯಿಂದ ಬಾಗಿದ್ದ ಅವಳ ಕತ್ತು ಮೆಲ್ಲಗೆ ಒಂದು ಬದಿಗೆ ವಾಲಿತು. ಕಲ್ಲಿನ ಮೇಲೆ ಕ್ಯಾಮೆರಾ ಇಡುವ ಮೊದಲು ಅವಳು ಯಾವಾಗಲೂ ಹಾಗೆ ತಲೆ ವಾಲಿಸಿ ನೋಡುತ್ತಿದ್ದಳು. "ಹಿಂದೆ ಕಪ್ಪಗಿನ ಗೋಡೆ ಬೇಕು" ಎಂದಳು, ತನಗೆ ತಾನೇ. "ಎರಡೂ ಕಡೆ ಕಪ್ಪಗಿದ್ದರೆ ಮುಖ ಉಳೀತದೆ. ಅಪ್ಪಂಗೆ ಹಿಂದೆ ಬಿಸಿಲಿತ್ತು, ಅದಕ್ಕೇ ಅಳಿಸಿಹೋಯ್ತು." ಆಮೇಲೆ ಬೆಳ್ಯಪ್ಪನ ಕಡೆ ತಿರುಗಿ, "ನೀವು ಬಿಳಿ ಅಂಗಿ ಹಾಕೊಕು. ಚಿಕ್ಕಪ್ಪಂಗೂ ಹೇಳ್ತೇನೆ."

"ಅವಂಗೆ ಬಿಳಿ ಅಂಗಿ ಎಲ್ಲಿಂದ! ಒಗೆದು ಗೊತ್ತಿದ್ದರಲ್ಲವಾ?"

ಯಮುನ ನನ್ನೆದುರು ಬಂದು ಅಂಗೈ ಚಾಚಿದಳು.

"ಮೇಷ್ಟ್ರೇ, ಬೀರುವಿನ ಕೀಲಿಕೈ."

ಒಂದು ದಿನದ ಮಟ್ಟಿಗೆ ಅದು ನನ್ನಲ್ಲಿತ್ತು. ಆ ಅಂಗೈಯನ್ನು ನಾನು ಅಷ್ಟು ಹತ್ತಿರದಿಂದ ಕಂಡದ್ದು ಅದೇ ಮೊದಲು. ಕೀಲಿ ತಿರುಗಿಸಿ ತಿರುಗಿಸಿ ಹೆಬ್ಬೆರಳಿನ ಬುಡದಲ್ಲಿ ಒಂದು ದಡ್ಡು ಕಟ್ಟಿತ್ತು. ಕೊಡುವಾಗ ಏನಾದರೂ ಹೇಳಬೇಕೆಂದಿದ್ದೆ. ನೀವು ತುಂಬ ಹೇಳ್ತೀರಿ ಎಂದವಳ ಎದುರು ಏನನ್ನೂ ಹೇಳದೆ ಕೊಟ್ಟೆ.

ಅವಳು ಬೀರು ತೆರೆದು ಚೀಲವನ್ನು ಹೆಗಲಿಗೆ ಹಾಕಿಕೊಂಡಳು. ಹೊಸ ಸುರುಳಿಯನ್ನು ಕಿವಿಯ ಬಳಿ ಅಲುಗಿಸಿ ನೋಡಿದಳು.

"ಸಿದ್ದಾಪುರದ ಬಸ್ಸು ಎಷ್ಟಕ್ಕೆ ಮೇಷ್ಟ್ರೇ?"

"ಎರಡೂವರೆಗೆ. ಇನ್ನು ಹತ್ತು ನಿಮಿಷ."

"ಇವತ್ತೇಯಾ?" ಎಂದ ಬೆಳ್ಯಪ್ಪ ಗಾಬರಿಯಾಗಿ. "ನಾನು ಹೇಳಿದ್ದು ಅಂತ ಅವಂಗೆ ಹೇಳಬೇಡ. ನೀನೇ ಕೇಳಿದ್ದು ಅಂತ ಹೇಳು."

"ಮೊದ್ಲೇ ಹೇಳೊಕು ಅಂತ ಅವ್ವ ಈಗಷ್ಟೇ ಹೇಳಿದ್ದು ಕೇಳಿತ್ತಿಲ್ಲೆಯಾ ದೊಡ್ಡಪ್ಪ?"

ಬೆಳ್ಯಪ್ಪ ಕೊಡೆಯನ್ನು ಬೆಂಚಿಗೆ ಒರಗಿಸಿದ. ಕೊನೆಗೆ ತೊಡೆಯ ಮೇಲಿನ ಪೊಟ್ಟಣವನ್ನು ಎತ್ತಿ ಅವಳ ಕೈಗೆ ಕೊಟ್ಟ. "ಬರಿಗೈಲಿ ಹೋಗಬೇಡ. ಅವಂಗೆ ಒಣಮೀನು ಅಂದರೆ ಜೀವ. ಮುಳ್ಳು ಜಾಸ್ತಿ ಇರುವುದನ್ನೇ ಕೊಡು."

ಪೊನ್ನಮ್ಮ ಮಗಳ ಸೆರಗನ್ನು ಸರಿಮಾಡಿ, ಬಸ್ಸಿಗೆಂದು ಸಂಚಿಯಿಂದ ಚಿಲ್ಲರೆ ತೆಗೆದುಕೊಟ್ಟಳು. "ಕತ್ತಲಿಗೆ ಮುಂಚೆ ಬಾ. ಬಾರದಿದ್ದರೆ ಉತ್ತಯ್ಯನ ಹೆಂಡತಿ ಒಟ್ಟಿಗೆ ಮಲಗು." ಮತ್ತೆ ಹೋಗಿ ಆ ಪುಟ್ಟ ಬೆಂಚಿನಲ್ಲೇ ಕುಳಿತಳು. ಮೊಣಕಾಲುಗಳನ್ನು ಕೈಗಳಿಂದ ಬಳಸಿ ಗೋಡೆಯತ್ತ ಮುಖ ಮಾಡಿದಳು. "ನಂಗೆ ಇನ್ನೊಂದು ಸಲ ಹಾಕಿ ಮೇಷ್ಟ್ರೇ. ನಾಲ್ಕು ಸಲ ಆದ್ರೆ ಸಾಕು, ಮತ್ತೆ ಕೇಳುದಿಲ್ಲೆ."

ನಾನು ಸುರುಳಿಯನ್ನು ಮರಳಿ ಸುತ್ತಿ ಏರಿಸಿದೆ. ದೀಪ ಆರಿಸಿದೆ. ಯಮುನ ಬಾಗಿಲು ತೆರೆದಳು; ಏಪ್ರಿಲ್ಲಿನ ಬಿಸಿಲು, ಸಂತೆಯ ಗದ್ದಲ, ಬಸ್ಸಿನ ಹಾರ್ನು ಎಲ್ಲವೂ ಒಮ್ಮೆಗೇ ಒಳನುಗ್ಗಿದವು. ಗೋಡೆಯ ಮೇಲೆ ಮೂಡತೊಡಗಿದ್ದ ಕಣ ಬೆಳ್ಳಗೆ ಅಳಿಸಿಹೋಯಿತು.

"ಬಾಗಿಲು ಹಾಕ್ಕಂಡು ಹೋಗು ಗೂಡೆ" ಎಂದಳು ಪೊನ್ನಮ್ಮ, ಹಿಂದಿರುಗಿ ನೋಡದೆ. "ಬೆಳಕು ಬಂದ್ರೆ ಅವು ಕಾಣುದಿಲ್ಲೆ."

ಯಮುನ ಹೊಸ್ತಿಲು ದಾಟಿ, ಚೀಲವನ್ನು ಎದೆಗೆ ಒತ್ತಿಕೊಂಡು, ಹೊರಗಿನಿಂದ ಬಾಗಿಲನ್ನು ಎಳೆದುಕೊಂಡಳು.